ಹಳೇ ಪದ್ಮಿನಿಗೆ ಸೈಲೆನ್ಸರ್: ಒರಿಜಿನಲ್ಲಾ, ಸ್ಟೇನ್‌ಲೆಸ್ಸಾ?

ಪ್ರೀಮಿಯರ್ ಪದ್ಮಿನಿ ಕಾರು ಇಟ್ಕೊಂಡೋರ್ಗೆಲ್ಲ ಒಂದಲ್ಲ ಒಂದಿನ ಈ ತಲೆನೋವು ಬಂದೇ ಬರುತ್ತೆ. ಹಿಂದಗಡೆ ಸೈಲೆನ್ಸರ್ ಡಬ್ಬ ತೂತು ಬಿದ್ದು ಗಾಡಿ ಟಿಲ್ಲರ್ ಥರ ಬಡ್ಕೊಳಕ್ಕೆ ಶುರು ಮಾಡುತ್ತೆ, ಮೆಕ್ಯಾನಿಕ್ ಒಬ್ಬ ಒರಿಜಿನಲ್ಲೇ ಹಾಕ್ಸಿ ಅಂತಾನೆ, ಇನ್ನೊಬ್ಬ ಎಸ್ಎಸ್ (ಸ್ಟೇನ್‌ಲೆಸ್ ಸ್ಟೀಲ್) ಮಾಡ್ಸಿಬಿಡಿ ಸಾರ್ ಜೀವ್ನಪೂರ್ತಿ ಬರುತ್ತೆ ಅಂತಾನೆ.

ಮೊದ್ಲು ಹೊಗೆ ಪೈಪಿನ ಪೂರ್ತಿ ಲೈನ್ ಹೋಗಿದ್ಯಾ ಇಲ್ಲ ಬರೀ ಡಬ್ಬ ಹೋಗಿದ್ಯಾ ನೋಡಿ. ಗಾಡಿ ತಣ್ಣಗಿದ್ದಾಗ ಸ್ಕ್ರೂಡ್ರೈವರ್ ಹಿಡಿಕೆಯಿಂದ ಉದ್ದಕ್ಕೂ ತಟ್ಕೊಂಡು ಬನ್ನಿ, ಗಟ್ಟಿ ಇರೋ ಕಡೆ ಟಣ್ ಅನ್ನುತ್ತೆ, ಒಳಗೆ ತಿಂದಿರೋ ಕಡೆ ಮಂಕಾಗಿ ಡಬ್ ಅನ್ನುತ್ತೆ, ಒಳಗಿನ ತಗಡು ಬಿಚ್ಕೊಂಡಿದ್ರೆ ಗಿಲಕಿ ಥರ ಗಲಗಲ. ಆಮೇಲೆ ಬಯಲಲ್ಲಿ ನಿಲ್ಸಿ ಸ್ಟಾರ್ಟ್ ಮಾಡಿ (ಶೆಡ್ ಒಳಗೆ ಬೇಡವೇ ಬೇಡ, ಆ ಹೊಗೆ ಪ್ರಾಣ ತೆಗೆಯುತ್ತೆ), ದಪ್ಪ ಒದ್ದೆ ಬಟ್ಟೆ ಹಿಡ್ದು ಪೈಪ್ ಬಾಯಿ ಎರಡೇ ಸೆಕೆಂಡ್ ಮುಚ್ಚಿದ್ರೆ ಎಲ್ಲೆಲ್ಲಿ ಲೀಕೋ ಅಲ್ಲೆಲ್ಲ ಬುಸ್ ಅನ್ನುತ್ತೆ.

ಇದು ಕೊಳೆಯೋದು ಹೊರಗಿಂದ ಅಲ್ಲ, ಜಾಸ್ತಿ ಒಳಗಿಂದಾನೇ. ಒಂದು ಲೀಟರ್ ಪೆಟ್ರೋಲ್ ಉರಿದ್ರೆ ಹೆಚ್ಚುಕಮ್ಮಿ ಒಂದು ಲೀಟರ್ ನೀರು ಆವಿಯಾಗಿ ಈಚೆ ಬರುತ್ತೆ, ಭಾನುವಾರ ದೇವಸ್ಥಾನಕ್ಕೆ ಎರಡು ಕಿಲೋಮೀಟರ್ ಹೋಗಿ ಬಂದು ನಿಲ್ಸಿದ್ರೆ ಆ ನೀರು ಡಬ್ಬದಲ್ಲೇ ಉಳ್ಕೊಳ್ಳುತ್ತೆ. ದಿನಾ ನಲವತ್ತು ಕಿಲೋಮೀಟರ್ ಓಡೋ ಗಾಡೀದು ಬಾಳಿಕೆ ಬಂದು ಮುದ್ದು ಮಾಡಿ ಇಟ್ಟಿರೋ ಗಾಡೀದು ಬೇಗ ಹೋಗೋದು ಇದಕ್ಕೇನೆ. ಹಂಗಾಗಿ ಗಾಡಿ ಕಮ್ಮಿ ಓಡ್ಸೋರು, ಮತ್ತೆ ಮಂಗಳೂರು ಉಡುಪಿ ಕಡೆ ಉಪ್ಪುಗಾಳೀಲಿ ಇರೋರು ಸ್ಟೇನ್‌ಲೆಸ್ ಕಡೆ ವಾಲೋದ್ರಲ್ಲಿ ಅರ್ಥ ಇದೆ.

ಇನ್ನು ಒರಿಜಿನಲ್ ಅನ್ನೋ ಮಾತು. ಬೆಂಗಳೂರಿನ ಜೆ.ಸಿ. ರೋಡ್ ಸ್ಪೇರ್ ಅಂಗಡೀಲಿ ಒರಿಜಿನಲ್ ಕೊಡಿ ಅಂದ್ರೆ ಸಿಗೋದು ಬಹುಪಾಲು ಅದೇ ಆಕಾರದಲ್ಲಿ ಈಗ ಮಾಡಿರೋ ಡೂಪ್ಲಿಕೇಟ್ ಡಬ್ಬ, ತಪ್ಪೇನಿಲ್ಲ, ಕಮ್ಮಿ ಬೆಲೆ, ಕ್ಲ್ಯಾಂಪ್ ಸರಿಯಾಗಿ ಕೂರುತ್ತೆ, ಆದ್ರೆ ತಗಡು ತೆಳು. ಎರಡು ಕೈಯಲ್ಲಿ ಎತ್ತಿ ತೂಕ ನೋಡಿ ತಗೊಳ್ಳಿ. ಗೋಡೌನಲ್ಲಿ ಮೂವತ್ತು ವರ್ಷ ಬಿದ್ದಿದ್ದ ನಿಜವಾದ ಹಳೇ ಸ್ಟಾಕ್ ಸಿಕ್ತು ಅಂತ ಕುಣಿಬೇಡಿ, ಅಲ್ಲಾಡ್ಸಿ ನೋಡಿ, ಬಾಯಿಂದ ಕೆಂಪು ಪುಡಿ ಉದುರಿದ್ರೆ ಅದು ಶೋಕೇಸಿಗೆ ಸರಿ ಅಷ್ಟೇ.

ಸ್ಟೇನ್‌ಲೆಸ್ ಮಾಡ್ಸೋರು ಮೋಸ ಹೋಗೋದು ಗ್ರೇಡಲ್ಲಿ. ಗೇಟು, ರೇಲಿಂಗು ಮಾಡೋ ಅಗ್ಗದ 202 ಗ್ರೇಡ್ ಪೈಪನ್ನೇ ಅದಕ್ಕಿಂತ ಒಳ್ಳೇ 304 ಅಂತ ಹಾಕಿಬಿಡ್ತಾರೆ, ವೆಲ್ಡಿಂಗ್ ಜಾಗದಲ್ಲಿ ಬೇಗ ಕಂದು ಬಣ್ಣ ಶುರು. ಮ್ಯಾಗ್ನೆಟ್ ಅಂಟಲ್ಲ ನೋಡಿ ಸಾರ್ ಅಂತಾರಲ್ಲ, 202ಗೂ ಅಂಟಲ್ಲ. ಸೈಲೆನ್ಸರ್‌ಗೇ ಅಂತ ಬರೋ 409ಗೆ ಅಂಟುತ್ತೆ, ಅದು ಒಳ್ಳೇ ಮಾಲೇ. ಎಸ್ಎಸ್ ಅಂಗಡಿಗಳಲ್ಲಿ ಬ್ಯಾಟರಿ ಹಚ್ಚಿ ನೋಡೋ ಟೆಸ್ಟ್ ಲಿಕ್ವಿಡ್ ಇರುತ್ತೆ, ಒಂದು ಹನಿ ಹಾಕಿ ಗಾಢ ಕೆಂಪಾದ್ರೆ 202, ಎದುರಿಗೇ ಮಾಡ್ಸಿ.

ಪೈಪ್ ಸೈಜ್ ಮಾತ್ರ ಹಳೇದ್ರಷ್ಟೇ ಇರ್ಲಿ, ವರ್ನಿಯರ್ ಹಿಡ್ದು ಅಳೀರಿ. ನಾನು ಫ್ರೀ ಫ್ಲೋ (ಹೊಗೆ ತಡೆಯಿಲ್ದೆ ಹೋಗ್ಲಿ ಅನ್ನೋ) ಆಸೆಗೆ ದಪ್ಪ ಪೈಪ್ ಹಾಕ್ಸಿದ್ದೆ, 1089 ಸಿಸಿ ಇಂಜಿನ್‌ಗೆ ಅದು ದೊಡ್ಡೋರ ಚಪ್ಪಲಿ ಹಾಕ್ಕೊಂಡ ಮಗು ಥರ ಆಯ್ತು, ಕೆಳಗಿನ ಆರ್‌ಪಿಎಮ್ಮಲ್ಲಿ ಎಳೆತ ಹೋಯ್ತು, ಸೆಕೆಂಡ್ ಗೇರಲ್ಲಿ ಹತ್ತುತ್ತಿದ್ದ ಚಾಮುಂಡಿ ಬೆಟ್ಟಕ್ಕೆ ಫಸ್ಟ್ ಹಾಕ್ಬೇಕಾಯ್ತು, ಮೇಲಾಗಿ ಅರವತ್ತರಲ್ಲಿ ಕ್ಯಾಬಿನ್ ಒಳಗೆ ಗುಂಯ್ ಅಂತ ಒಂದೇ ಸಮ. ಆರು ತಿಂಗಳಿಗೆ ಕಿತ್ತು ಹಾಕ್ದೆ. ಸದ್ದು ಜಾಸ್ತಿ ಆದ್ರೆ ಟ್ರಾಫಿಕ್‌ನೋರು ದಂಡ ಹಾಕೋದು ಬೇರೆ.

304 ಬಿಸಿಗೆ ಮಾಮೂಲಿ ಕಬ್ಬಿಣಕ್ಕಿಂತ ಜಾಸ್ತಿ ಹಿಗ್ಗುತ್ತೆ. ಎರಡು ಮೀಟರ್ ಪೈಪ್ 300 ಡಿಗ್ರಿ ಕಾದ್ರೆ ಸುಮಾರು 10 ಮಿಲಿಮೀಟರ್, ಕಬ್ಬಿಣ ಆಗಿದ್ರೆ 7. ಒಂದೇ ತುಂಡಾಗಿ ವೆಲ್ಡ್ ಮಾಡಿ ಬಿಗಿಯಾಗಿ ಕಟ್ಟಿದ್ರೆ ಬ್ರಾಕೆಟ್ ಹತ್ರ ಸೀಳುತ್ತೆ, ಅದಕ್ಕೆ ಒಂದಾದ್ರೂ ಸ್ಲಿಪ್ ಜಾಯಿಂಟ್ (ಒಂದು ಪೈಪ್ ಇನ್ನೊಂದ್ರೊಳಗೆ ಜಾರೋ ಜೋಡಣೆ) ಬಿಡ್ಸಿ, ರಬ್ಬರ್ ಹ್ಯಾಂಗರ್ ಹೊಸಾದು ಹಾಕ್ಸಿ.

ಮ್ಯಾನಿಫೋಲ್ಡ್ (ಇಂಜಿನ್‌ನಿಂದ ಬರೋ ಹೊಗೆ ಒಟ್ಟುಮಾಡಿ ಪೈಪಿಗೆ ಬಿಡೋ ಭಾಗ) ವಿಷಯಕ್ಕೆ ಬಂದ್ರೆ ನಂದು ಹಠ, ಬಿರುಕು ಬಿಟ್ಟಿಲ್ಲ ಅಂದ್ರೆ ಬೀಡು ಕಬ್ಬಿಣದ ಹಳೇದೇ ಇರ್ಲಿ. 50 ವರ್ಷ ದಾಟಿದ ಗಾಡೀನ 2021ರ ವಿಂಟೇಜ್ ರೂಲಲ್ಲಿ ರಿಜಿಸ್ಟರ್ ಮಾಡ್ಸೋ ಯೋಚನೆ ಇದ್ರಂತೂ ಚಾಸಿ, ಬಾಡಿ, ಇಂಜಿನ್ ಹತ್ರ ಕತ್ತರಿ ಆಡಿಸ್ಬೇಡಿ. ಬದಲಾವಣೆ ಏನಿದ್ರೂ ಮ್ಯಾನಿಫೋಲ್ಡ್ ಕೆಳಗಿನ ಪೈಪಿಂದ ಹಿಂದಕ್ಕೆ, ಅದೂ ಬೋಲ್ಟ್ ಬಿಚ್ಚಿ ವಾಪಸ್ ಹಾಕೋ ಹಂಗೆ, ಹಳೇ ಡಬ್ಬ ಗುಜರಿಗೆ ಕೊಡ್ಬೇಡಿ, ಮುಂದೆ ಅಳತೆಗೆ ಬೇಕಾಗುತ್ತೆ.

ಮ್ಯಾನಿಫೋಲ್ಡ್‌ಗೆ ಪೈಪ್ ಕೂರಿಸಿರೋ ಸ್ಟಡ್ ನಟ್‌ಗಳಿಗೆ ಹಿಂದಿನ ದಿನಾನೇ ಎಣ್ಣೆ ಬಿಟ್ಟಿಡಿ, ಹಂಗೇ ತಿರುವಿದ್ರೆ ಸ್ಟಡ್ ಮುರಿದು ಇಡೀ ದಿನ ಡ್ರಿಲ್ಲಿಂಗ್. ಹೊಸಾದಾಗಿ ಹಿತ್ತಾಳೆ ನಟ್ ಹಾಕ್ಸಿ, ತುಕ್ಕು ಹಿಡ್ದು ಕಚ್ಕೊಳಲ್ಲ. ಇನ್ನೂರು ಕಿಲೋಮೀಟರ್ ಓಡ್ಸಿ ತಣ್ಣಗಾದ್ಮೇಲೆ ಒಂದ್ಸಲ ಎಲ್ಲ ನಟ್ಟೂ ಬಿಗಿ ಮಾಡಿ, ಆಕ್ಸಿಲರೇಟರ್ ಬಿಟ್ಟಾಗ ಪಟಪಟ ಅಂತಿದ್ರೆ ಕಾರ್ಬುರೇಟರ್ ಕೈಗೆತ್ಕೊಳೋ ಮುಂಚೆ ಆ ಜೋಡಣೆ ಮಧ್ಯದ ಗ್ಯಾಸ್ಕೆಟ್ಟೇ (ಲೀಕ್ ತಡೆಯೋ ಪಟ್ಟಿ) ನೋಡಿ.