ಬೆಂಕಿ ಮಾರ್ಚ್‌ನಲ್ಲಿ, ಕೆಲಸ ಡಿಸೆಂಬರ್‌ನಲ್ಲಿ

ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿ ಕಡೆಯ ಬೆಟ್ಟಗಳಲ್ಲಿ ಜನವರಿ ಹೊತ್ತಿಗೆ ಹುಲ್ಲು ಒಣಗಿ ಹೊಂಬಣ್ಣಕ್ಕೆ ತಿರುಗುತ್ತದೆ. ಫೋಟೊಗೆ ಚೆಂದ, ಆದರೆ ಆರದ ಒಂದು ಬೀಡಿ ತುಂಡು ಬಿದ್ದರೆ ಮುಗೀತು. ನಮ್ಮಲ್ಲಿ ಕಾಡುಗಿಚ್ಚು ತಾನಾಗಿ ಹುಟ್ಟುವುದು ಅಪರೂಪ. ದನಕ್ಕೆ ಎಳೆ ಹುಲ್ಲು ಬರಲಿ ಅಂತ ಹಚ್ಚುವವರು, ತೋಟದಂಚಿನ ಕಸ ಸುಡುವವರು, ಅಡುಗೆ ಮಾಡಿ ಒಲೆ ಆರಿಸದೆ ಹೋಗುವ ಪ್ರವಾಸಿಗರು. ಹಚ್ಚುವವರು ಮನುಷ್ಯರೇ ಆದ್ದರಿಂದ ತಡೆಯುವ ಕೆಲಸವೂ ಮಾತುಕತೆಯಿಂದಲೇ ಶುರುವಾಗಬೇಕು.

ಮೊದಲು ಸಭೆ. ಡಿಸೆಂಬರ್‌ನಲ್ಲಿ ಎಲ್ಲರೂ ಕಾಫಿ ಕೊಯ್ಲಲ್ಲಿ ಇರುತ್ತಾರೆ. ಹಾಗಾಗಿ ಕೂಲಿ ಬಟವಾಡೆ ದಿನದ ಸಂಜೆ ಇಟ್ಟುಕೊಳ್ಳಿ. ತೋಟದ ಮಾಲೀಕರು, ಪಂಚಾಯಿತಿ ಸದಸ್ಯರು, ಬೀಟ್ ಗಾರ್ಡ್ (ಆ ಭಾಗದ ಅರಣ್ಯ ರಕ್ಷಕ) ಬಂದರೆ ಸಾಲದು. ಲೈನ್ ಮನೆಗಳಲ್ಲಿರುವ ತೋಟದ ಕಾರ್ಮಿಕರು, ದನ ಮೇಯಿಸುವವರು, ಹೋಮ್‌ಸ್ಟೇ ನಡೆಸುವವರು ಬರಲೇಬೇಕು. ಯಾವ ಮೂಲೆಯಲ್ಲಿ ಪ್ರತಿ ವರ್ಷ ಹೊಗೆ ಏಳುತ್ತದೆ ಅಂತ ದನಗಾಹಿಗೆ ಗೊತ್ತಿರುವಷ್ಟು ಬೇರೆಯವರಿಗೆ ಗೊತ್ತಿರುವುದಿಲ್ಲ. ಅಲ್ಲಿ ಯಾರನ್ನೂ ಬೈಯಬೇಡಿ. ಬೈಸಿಕೊಂಡವರು ಮುಂದಿನ ಸಭೆಗೆ ಬರುವುದಿಲ್ಲ.

ನಕ್ಷೆ, ನಂಬರು. ಒಂದು ಹಾಳೆಯಲ್ಲಿ ಕಾಲುದಾರಿ, ಪಿಕಪ್ ಹೋಗುವ ದಾರಿ, ಬೇಸಿಗೆಯಲ್ಲೂ ನೀರಿರುವ ಕೆರೆ ಗುರುತು ಹಾಕಿ. ಅರಣ್ಯ ಸಹಾಯವಾಣಿ 1926, ತುರ್ತು ಸಂಖ್ಯೆ 112, ಗಾರ್ಡ್ ನಂಬರು ಎಲ್ಲರ ಫೋನಲ್ಲಿರಲಿ. ಭಾರತೀಯ ಅರಣ್ಯ ಸರ್ವೇಕ್ಷಣಾ ಸಂಸ್ಥೆ ಉಪಗ್ರಹದಿಂದ ಬೆಂಕಿ ಗುರುತಿಸಿ ಮೊಬೈಲ್‌ಗೆ ಸಂದೇಶ ಕಳಿಸುತ್ತದೆ, ನೋಂದಾಯಿಸಿಕೊಂಡರೆ ಸಾಕು. ಆದರೆ ಉಪಗ್ರಹ ಹಾದು ಹೋದ ಮೇಲೆ ತಾನೇ ಸಂದೇಶ ಬರುವುದು? ಗುಡ್ಡದ ಮೇಲೆ ಕೂತ ಹುಡುಗನ ಕಣ್ಣು ಅದಕ್ಕಿಂತ ಬೇಗ.

ಬೆಂಕಿ ರೇಖೆ. ಅರ್ಧ ಯುದ್ಧ ಇದೇ. ತೋಟದ ಅಂಚಿನುದ್ದಕ್ಕೂ ಕನಿಷ್ಠ 10 ಅಡಿ ಅಗಲಕ್ಕೆ ಹುಲ್ಲು, ದರಗು (ಉದುರಿದ ಒಣ ಎಲೆ) ತೆಗೆದು ಮಣ್ಣು ಕಾಣುವಂತೆ ಮಾಡಿ. ಹುಲ್ಲು ಎದೆಯುದ್ದ ಬೆಳೆದಿದ್ದರೆ ಇನ್ನೂ ಜಾಸ್ತಿ ಬೇಕು. ಕಳೆ ಕೊಚ್ಚುವ ಯಂತ್ರ ಇದ್ದವರು ಕೊಡಲಿ, ಇಲ್ಲದವರು ಆಳು ಕೊಡಲಿ. ರೇಖೆಗೆ ಅಡ್ಡ ಬಿದ್ದ ಒಣಮರವನ್ನು ಎಳೆದು ಹಾಕಿ, ಇಲ್ಲದಿದ್ದರೆ ಬೆಂಕಿಗೆ ಅದೇ ಸೇತುವೆ. ತೋಟದ ಸಿಲ್ವರ್ ಓಕ್ ಮರದ ಎಲೆ ಉದುರುತ್ತಲೇ ಇರುವುದರಿಂದ ವಾರಕ್ಕೊಮ್ಮೆ ಗುಡಿಸಬೇಕು. ಕಾಡಿನೊಳಗೆ ರೇಖೆ ಮಾಡುವುದು, ಮುಂಚೆಯೇ ಸುಟ್ಟು ಬರಿದು ಮಾಡುವುದು ಅರಣ್ಯ ಇಲಾಖೆಯ ಕೆಲಸ. ನೀವು ಹಚ್ಚಲು ಹೋಗಬೇಡಿ, ಅದು ಅಪರಾಧ.

ಸಾಮಾನು ಕೊಳ್ಳುವ ಖರ್ಚು ಕಡಿಮೆ. ಕತ್ತಿ, ಗುದ್ದಲಿ, ಬೆನ್ನಿಗೆ ಹಾಕುವ ಸ್ಪ್ರೇಯರ್, ಟಾರ್ಚು ಎಲ್ಲ ಮನೆಯಲ್ಲೇ ಇರುತ್ತವೆ. ಔಷಧಿ ಹೊಡೆದ ಸ್ಪ್ರೇಯರ್ ಆದರೆ ಚೆನ್ನಾಗಿ ತೊಳೆದಿಡಿ. ಕಾಫಿ ಹೂ ಅರಳಿಸಲು ನೀರು ಹಾಯಿಸುವ ಪಂಪು ರಸ್ತೆ ಬದಿಯಲ್ಲಿ ಉಪಯೋಗಕ್ಕೆ ಬರುತ್ತದೆ, ಬೆಟ್ಟದ ಮೇಲಲ್ಲ.

ಬೆಂಕಿ ಬಿದ್ದ ದಿನ. ಮೊದಲು ಫೋನು, ಆಮೇಲೆ ಓಟ. ಇಲಾಖೆಯವರು ಹೇಳಿದ ಜಾಗಕ್ಕೆ ಮಾತ್ರ ಹೋಗಿ. ಬೆಂಕಿ ಇಳಿಯುವುದಕ್ಕಿಂತ ಏರುವುದು ಬೇಗ. ಇಳಿಜಾರು 10 ಡಿಗ್ರಿ ಜಾಸ್ತಿಯಾದರೆ ವೇಗ ಹೆಚ್ಚುಕಡಿಮೆ ಎರಡು ಪಟ್ಟು. ಹಾಗಾಗಿ ಉರಿಯುವ ಬೆಂಕಿಯ ಮೇಲ್ಭಾಗದಲ್ಲಿ ನಿಲ್ಲಲೇಬಾರದು. ಬದಿಯಿಂದ, ಈಗಾಗಲೇ ಸುಟ್ಟು ಕರಕಲಾದ ಜಾಗದ ಕಡೆಯಿಂದ ಹಸಿ ಸೊಪ್ಪಿನಲ್ಲಿ ಆರಿಸುತ್ತಾ ಬನ್ನಿ. ಸೊಪ್ಪನ್ನು ಎತ್ತೆತ್ತಿ ಹೊಡೆದರೆ ಕಿಡಿ ಹಾರುತ್ತದೆ, ಒತ್ತಿ ಹಿಡಿಯಬೇಕು. ಹತ್ತಿ ಬಟ್ಟೆ, ಬೂಟು, ಮೂಗಿಗೆ ಒದ್ದೆ ಟವಲು. ನೈಲಾನ್ ಮೈಗೆ ಅಂಟಿಕೊಳ್ಳುತ್ತದೆ. ಒಬ್ಬರೇ ಹೋಗಬೇಡಿ. 2023ರ ಫೆಬ್ರವರಿಯಲ್ಲಿ ಸಕಲೇಶಪುರದ ಕಾಡುಮನೆ ಬಳಿ ಬೆಂಕಿ ಆರಿಸಲು ಹೋಗಿ ಜೀವ ಕೊಟ್ಟವರು ಕಾಡು ಬಲ್ಲ ಅರಣ್ಯ ಸಿಬ್ಬಂದಿಯೇ. ಜ್ವಾಲೆ ತಲೆಯೆತ್ತರ ಬಂದರೆ ಸುಮ್ನೆ ಹಿಂದೆ ಸರಿಯಿರಿ, ಅದರಲ್ಲಿ ನಾಚಿಕೆ ಏನೂ ಇಲ್ಲ.

ಆರಿದ ಮೇಲೆ. ಒಮ್ಮೆ ನಾವು ಸಂಜೆ 7ಕ್ಕೆ ಎಲ್ಲ ಆರಿತು ಅಂತ ಮನೆಗೆ ಬಂದು ಊಟ ಮಾಡಿ ಮಲಗಿದೆವು. ಮರುದಿನ 11 ಗಂಟೆಗೆ ಗಾಳಿ ಎದ್ದಾಗ ಅದೇ ಜಾಗದಲ್ಲಿ ಮತ್ತೆ ಹೊಗೆ. ಒಂದು ಹಳೇ ಬೊಡ್ಡೆಯ ಬೇರಿನೊಳಗೆ ಕೆಂಡ ರಾತ್ರಿಯಿಡೀ ಕೂತಿತ್ತು. ಒಣ ಸಗಣಿಯೂ ಹಾಗೆಯೇ, ಹೊರಗೆ ಬೂದಿ, ಒಳಗೆ ಕೆಂಪು. ಬೊಡ್ಡೆಯ ಹತ್ತಿರ ಹಿಂಗೈ ಹಿಡಿದು ಶಾಖ ನೋಡಿ. ಬಿಸಿ ಇದ್ದರೆ ಅಗೆದು, ನೀರು ಮಣ್ಣು ಕಲಸಿ ಹಾಕಿ. ಮರುದಿನ ಬಿಸಿಲೇರುವ ಹೊತ್ತಿಗೆ ಇಬ್ಬರು ಮತ್ತೆ ಹೋಗಿ ನೋಡಬೇಕು. ಆ ಇಬ್ಬರು ಯಾರು ಅಂತ ಡಿಸೆಂಬರ್ ಸಭೆಯಲ್ಲೇ ಹೆಸರು ಬರೆದಿಡಿ.