ಬಹರೈನ್‌ನಿಂದ ಬಂದ ಲಕೋಟೆಗಳು

ಕಾಸರಗೋಡು ಕಡೆಯ ನೀರ್ಚಾಲಿನ ನಮ್ಮ ಹಳೆಯ ಮನೆಯ ಅಟ್ಟದಲ್ಲಿ, ಅಡಿಕೆ ಲೆಕ್ಕದ ಪುಸ್ತಕಗಳಡಿಯಲ್ಲಿ, ಚಿಕ್ಕಜ್ಜ ಬಹರೈನ್‌ನಿಂದ ಬರೆದ ಹನ್ನೊಂದು ಕಾಗದಗಳು ಸಿಕ್ಕಿದವು. ಅಂಚೆಚೀಟಿಯಲ್ಲಿ ಆರನೆಯ ಜಾರ್ಜ್ ದೊರೆ, ‘ಇಂಡಿಯಾ ಪೋಸ್ಟೇಜ್’ ಎಂಬ ಬರಹ. ಅದರ ಮೇಲೆಯೇ ಕಪ್ಪು ಶಾಯಿಯಲ್ಲಿ ‘ಬಹರೈನ್’. ನಮ್ಮ ದೇಶದ ಚೀಟಿಗೆ ಬೇರೆ ನಾಡಿನ ಹೆಸರೇಕೆ? ಆ ಪ್ರಶ್ನೆಯೇ ನನ್ನನ್ನು ಮೇಲ್ಮುದ್ರಣದ ಚೀಟಿಗಳ ಸಂಗ್ರಹಕ್ಕೆ ಹಚ್ಚಿತು.

ಆಗ ಕೊಲ್ಲಿಯ ಅಂಚೆ ಕಚೇರಿಗಳನ್ನು ನಡೆಸುತ್ತಿದ್ದುದು ಭಾರತದ ಅಂಚೆ ಆಡಳಿತ. 1923ರಲ್ಲಿ ಕುವೈತಿಗೆ, 1933ರಲ್ಲಿ ಬಹರೈನಿಗೆ ಇಲ್ಲಿನ ಚೀಟಿಗಳ ಮೇಲೆಯೇ ಹೆಸರು ಒತ್ತಿದರು. 1944ರ ಮಸ್ಕತ್ ಚೀಟಿಗಳ ಮೇಲಿನ ಬರಹ ಅರಬಿಯಲ್ಲಿದೆ. ನನ್ನ ಕಣ್ಣಿಗೆ ಅವುಗಳಷ್ಟು ಚೆಲುವಾದವು ಬೇರೆ ಇಲ್ಲ.

ಮೊದಲ ವರ್ಷವೇ ದೊಡ್ಡ ತಪ್ಪು ಮಾಡಿದೆ. ಮೂರು ಲಕೋಟೆಗಳ ಚೀಟಿಗಳನ್ನು ನೀರಿನಲ್ಲಿ ನೆನೆಸಿ ಬಿಡಿಸಿದೆ. ಚೀಟಿ ಉಳಿಯಿತು, ಅಂಚೆ ಮುದ್ರೆಯ ಅರ್ಧ, ಯುದ್ಧಕಾಲದಲ್ಲಿ ಕಾಗದ ತೆರೆದು ನೋಡಿದವರು ಅಂಟಿಸಿದ ಸೆನ್ಸಾರ್ ಪಟ್ಟಿ, ‘ದಕ್ಷಿಣ ಕನ್ನಡ ಜಿಲ್ಲೆ’ ಎಂದಿದ್ದ ವಿಳಾಸ ಎಲ್ಲವೂ ಹೋದವು. ಕಾಸರಗೋಡು 1956ರ ತನಕ ಆ ಜಿಲ್ಲೆಯಲ್ಲಿತ್ತು ಎಂಬುದಕ್ಕೆ ನಮ್ಮ ಮನೆಯದೇ ಸಾಕ್ಷಿ ಅದು. ಇಂದಿಗೂ ನೆನೆದರೆ ಸಂಕಟವಾಗುತ್ತದೆ. ಈಗ ಲಕೋಟೆಯನ್ನು ಮುಟ್ಟುವುದಿಲ್ಲ, ಇಡಿಯಾಗಿಯೇ ಇಡುತ್ತೇನೆ.

ಎರಡನೆಯ ಪಾಠಕ್ಕೆ ದುಡ್ಡು ತೆತ್ತೆ. ವಿಕ್ಟೋರಿಯಾ ರಾಣಿಯ ಚೀಟಿಯ ಮೇಲೆ ‘ಸಿ.ಇ.ಎಫ್.’ ಎಂದಿತ್ತು. 1900ರಲ್ಲಿ ಚೀನಾಕ್ಕೆ ಹೋದ ಪಡೆಗಾಗಿ ಒತ್ತಿದ ಅಕ್ಷರಗಳವು. ವ್ಯಾಪಾರಿಯೊಬ್ಬರ ಮಾತು ನಂಬಿ ಕೊಂಡೆ. ಮನೆಗೆ ಬಂದು ಹತ್ತು ಪಟ್ಟಿನ ಭೂತಗನ್ನಡಿಯಲ್ಲಿ ನೋಡಿದರೆ, ಅಕ್ಷರಗಳ ಶಾಯಿ ಅಂಚೆ ಮುದ್ರೆಯ ಮೇಲೆ ಹಾದುಹೋಗಿದೆ! ಚೀಟಿಯ ಮೇಲೆ ಅಕ್ಷರ ಮೊದಲು ಅಚ್ಚಾಗಬೇಕು, ಆಮೇಲೆ ಅದಕ್ಕೆ ಅಂಚೆ ಮುದ್ರೆ ಬೀಳಬೇಕು. ಇಲ್ಲಿ ಮುದ್ರೆಯ ವರ್ಷವೂ 1898. ಪಡೆ ಹೊರಡುವುದಕ್ಕೆ ಎರಡು ವರ್ಷ ಮೊದಲು. ಹಳೆಯ ಬಳಕೆಯ ಚೀಟಿಗೆ ಯಾರೋ ಈಚೆಗೆ ಅಕ್ಷರ ಒತ್ತಿದ್ದರು. ಅಂದಿನಿಂದ ಬೆಲೆ ಕೇಳುವ ಮೊದಲು ಶಾಯಿಯ ಮೇಲು ಕೆಳಗನ್ನೂ ತಾರೀಕನ್ನೂ ನೋಡುತ್ತೇನೆ. ಆ ಚೀಟಿಯನ್ನು ಎಸೆದಿಲ್ಲ, ಹೋಲಿಸಿ ನೋಡಲು ಬೇರೆ ಪುಟದಲ್ಲಿದೆ.

ನಮ್ಮ ಮಳೆಯಂತೂ ಚೀಟಿಗಳ ವೈರಿ. ಆಟಿ ತಿಂಗಳಲ್ಲಿ ಅಂಟು ಹಸಿಯಾಗಿ ಹಾಳೆಗೆ ಹಿಡಿಯುತ್ತದೆ, ಕಂದು ಚುಕ್ಕೆಗಳು ಏಳುತ್ತವೆ. ಆಲ್ಬಮ್‌ಗಳನ್ನು ಸಿಲಿಕಾ ಜೆಲ್ ಜೊತೆ ಬಿಗಿಯಾದ ಡಬ್ಬಿಯಲ್ಲಿ ನೆಟ್ಟಗೆ ನಿಲ್ಲಿಸಿಡುತ್ತೇನೆ. ಮಳೆ ನಿಂತು ಬಿಸಿಲು ಬಂದ ಮೇಲೆಯೇ ತೆರೆಯುವುದು.

ಮಸ್ಕತ್ ಚೀಟಿ ಹಚ್ಚಿ ನಮ್ಮ ಕಡೆಯ ಊರಿಗೆ ಬಂದ ಲಕೋಟೆಯೊಂದನ್ನು ಇನ್ನೂ ಹುಡುಕುತ್ತಿದ್ದೇನೆ. ಕುಂಬಳೆ, ಬದಿಯಡ್ಕಗಳ ಹಳೆಯ ಮನೆಗಳಿಗೆ ಹೋದಾಗಲೆಲ್ಲ ಅಟ್ಟದ ಪೆಟ್ಟಿಗೆಯ ವಿಚಾರ ಕೇಳುತ್ತೇನೆ.