ಬಂದೂಕು ಇಟ್ಟು ಗುದ್ದಲಿ ಒಯ್ಯಿರಿ: ಕದನ ನಿಂತ ಊರಿನಲ್ಲಿ ಚರ್ಚಿನ ಕೆಲಸ

ಒಪ್ಪಂದಕ್ಕೆ ಸಹಿ ಬಿದ್ದ ಮರುದಿನವೂ ಬಂದೂಕುಗಳು ಹೂತಿಟ್ಟ ಜಾಗದಲ್ಲೇ ಇರುತ್ತವೆ. ಮೊಜಾಂಬಿಕ್‌ನಲ್ಲಿ 1977ರಿಂದ ನಡೆದ ಅಂತರ್ಯುದ್ಧ ಸುಮಾರು ಹತ್ತು ಲಕ್ಷ ಜೀವಗಳನ್ನು ಬಲಿ ತೆಗೆದುಕೊಂಡು, 1992ರ ಅಕ್ಟೋಬರ್ 4ರಂದು ರೋಮ್‌ನಲ್ಲಿ ಕಾಗದದ ಮೇಲೆ ಮುಗಿಯಿತು. ಹಳ್ಳಿಗಳಲ್ಲಿ ಅದನ್ನು ಮುಗಿಸುವ ಕೆಲಸದ ದೊಡ್ಡ ಪಾಲು ಚರ್ಚುಗಳ ಹೆಗಲಿಗೆ ಬಿತ್ತು. ಅಂಥದೇ ಹೊಣೆ ಹೊರಲು ಹೊರಟ ಕ್ರೈಸ್ತ ಸಭೆಗಳಿಗೆ ಅಲ್ಲಿನ ಅನುಭವ ಒಳ್ಳೆಯ ಪಾಠ.

ಎಲ್ಲಕ್ಕೂ ಮೊದಲು ನಿಮ್ಮ ಸಭೆಯ ಕೈ ಶುದ್ಧವಾಗಿದೆಯೇ ಎಂದು ನೋಡಿಕೊಳ್ಳಿ. 1994ರ ನರಮೇಧದಲ್ಲಿ ರುವಾಂಡಾದ ಎನ್ತರಾಮಾ ಚರ್ಚಿನಲ್ಲಿ ಆಶ್ರಯ ಪಡೆದ ಜನರನ್ನು ಅಲ್ಲಿಯೇ ಕೊಲ್ಲಲಾಯಿತು. ಅದೇ ದೇಶದ ನ್ಯಾಂಗೆಯ ಚರ್ಚನ್ನು ಒಳಗಿದ್ದ ಜನರ ಮೇಲೆಯೇ ಬುಲ್ಡೋಜರ್‌ನಿಂದ ಕೆಡವಿದ ಪ್ರಕರಣದಲ್ಲಿ ಅದರ ಪಾದ್ರಿಗೇ ಅಂತರರಾಷ್ಟ್ರೀಯ ನ್ಯಾಯಮಂಡಳಿ ಜೀವಾವಧಿ ಶಿಕ್ಷೆ ವಿಧಿಸಿತು. ತನ್ನವರು ಮಾಡಿದ್ದನ್ನು ಒಪ್ಪಿಕೊಳ್ಳದ ಸಭೆ ಕ್ಷಮೆಯ ಬಗ್ಗೆ ಪ್ರಸಂಗ ಮಾಡಿದರೆ, ಸತ್ತವರ ಮನೆಯವರು ಎದ್ದು ಹೋಗುತ್ತಾರೆ, ಹೋಗಲೂಬೇಕು.

ಎರಡೂ ಕಡೆಯವರ ಜೊತೆ ಮಾತನಾಡಲು ಹೋಗುವವರನ್ನು ಪದವಿ ನೋಡಿ ಆರಿಸಬೇಡಿ, ನಾಲಿಗೆ ನೋಡಿ ಆರಿಸಿ. ಮೊಜಾಂಬಿಕ್‌ನ ಬೈರಾ ನಗರದ ಕಥೋಲಿಕ ಆರ್ಚ್‌ಬಿಷಪ್ ಜೈಮೆ ಗೊನ್ಸಾಲ್ವೆಸ್ ಅವರು ಕಾಡಿನಲ್ಲಿದ್ದ, ಸರ್ಕಾರದ ವಿರುದ್ಧ ಹೋರಾಡುತ್ತಿದ್ದ ರೆನಾಮೊ ಎಂಬ ಬಂಡಾಯ ಪಡೆಯ ನಾಯಕ ಅಫೊನ್ಸೊ ಧ್ಲಕಾಮಾರನ್ನು 1988ರಲ್ಲಿ ಭೇಟಿಯಾದಾಗ, ಇಬ್ಬರ ಮನೆಮಾತೂ ಎನ್ದಾವು ಆಗಿದ್ದದ್ದು ಬಹಳ ನೆರವಾಯಿತು. ಸರ್ಕಾರ ಮತ್ತು ರೆನಾಮೊ ನಡುವಿನ ಮಾತುಕತೆಗೆ ರೋಮ್‌ನಲ್ಲಿ ಜಾಗ ಕೊಟ್ಟ ಸಾಂತ್ ಎಜಿದಿಯೊ ಎಂಬ ಕಥೋಲಿಕ ಸಮುದಾಯದ ಬಳಿ ಸೈನ್ಯವೂ ಇರಲಿಲ್ಲ, ಬೆದರಿಸುವ ಬೇರೆ ಯಾವ ಬಲವೂ ಇರಲಿಲ್ಲ. ಆದರೂ ಮಾತುಕತೆ 27 ತಿಂಗಳು ನಡೆಯಿತು. ಆದ್ದರಿಂದ ಇಂತಿಷ್ಟು ವಾರಗಳಲ್ಲಿ ಮುಗಿಸುತ್ತೇವೆ ಎಂದು ಯಾರಿಗೂ ಮಾತು ಕೊಡಬೇಡಿ.

ಆಯುಧ ಸಂಗ್ರಹದಲ್ಲಿ ಮೊಜಾಂಬಿಕ್‌ನ ಕ್ರೈಸ್ತ ಮಂಡಳಿ 1995ರಲ್ಲಿ ಆರಂಭಿಸಿದ ಕ್ರಮವನ್ನು ಅನುಸರಿಸಬಹುದು. ಕತ್ತಿಗಳನ್ನು ಬಡಿದು ನೇಗಿಲ ಗುಳಗಳನ್ನಾಗಿ ಮಾಡುವರೆಂಬ ಬೈಬಲ್‌ನ ಪ್ರವಾದಿ ಯೆಶಾಯನ ಮಾತನ್ನು ಆಂಗ್ಲಿಕನ್ ಬಿಷಪ್ ದಿನಿಸ್ ಸೆಂಗುಲಾನೆ ಅಕ್ಷರಶಃ ತೆಗೆದುಕೊಂಡರು: ಬಂದೂಕು ತಂದವರಿಗೆ ಗುದ್ದಲಿ, ಸೈಕಲ್, ಹೊಲಿಗೆ ಯಂತ್ರ ಸಿಗುತ್ತಿತ್ತು, ಒಂದು ಹಳ್ಳಿಗೆ ಟ್ರ್ಯಾಕ್ಟರೇ ಬಂತು. ಬದಲಿಗೆ ಹಣ ಕೊಡುವ ಯೋಚನೆಯನ್ನು ಬಿಟ್ಟುಬಿಡಿ, ಏಕೆಂದರೆ ಅದೇ ಹಣಕ್ಕೆ ಇನ್ನೊಂದು ಬಂದೂಕು ಸಿಗುತ್ತದೆ. ಹೊಲಿಗೆ ಯಂತ್ರವಾದರೆ ಮನೆಯವರನ್ನೆಲ್ಲ ಸಂಪಾದನೆಗೆ ಹಚ್ಚುತ್ತದೆ. ಬಂದೂಕು ತಂದವರ ಹೆಸರು ಕೇಳಬಾರದು, ಅದು ಎಲ್ಲಿಂದ ಬಂತೆಂದೂ ಕೇಳಬಾರದು. ಬಂದ ಆಯುಧವನ್ನು ಉಗ್ರಾಣದಲ್ಲಿ ಪೇರಿಸಿಡದೆ, ಬಲ್ಲವರಿಂದ ಬೇಗನೆ ನಿಷ್ಕ್ರಿಯಗೊಳಿಸಿ ತುಂಡರಿಸಬೇಕು. ಸಿಡಿಯದೆ ಉಳಿದ ಗುಂಡು, ಬಾಂಬುಗಳನ್ನು ಸಭೆಯ ಹುಡುಗರು ಮುಟ್ಟದಂತೆ ಕಟ್ಟುನಿಟ್ಟು ಮಾಡಬೇಕು. ಮತ್ತು ಗುದ್ದಲಿಗಳ ದಾಸ್ತಾನು ಕೈಗೆ ಬರುವ ಮೊದಲು ಪ್ರಕಟಣೆ ಹೊರಡಿಸಬೇಡಿ.

ತುಂಡರಿಸಿದ ಲೋಹವನ್ನು ರಾಜಧಾನಿ ಮಾಪುತೋದ ಕಲಾವಿದರಿಗೆ ಕೊಡಲಾಯಿತು. ಅವರಲ್ಲಿ ಕೆಸ್ಟರ್ ಎಂದು ಪರಿಚಿತರಾದವರು 2001ರಲ್ಲಿ ಮಾಡಿದ ಕುರ್ಚಿ ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್‌ನಲ್ಲಿದೆ. ಅದರ ಬೆನ್ನಿನ ಭಾಗವಾಗಿ ನಿಂತಿರುವ ಬಂದೂಕಿನ ಹಿಡಿಗಳಲ್ಲಿ ತಿರುಪಿನ ಎರಡು ತೂತುಗಳು ಕಣ್ಣುಗಳಂತೆಯೂ, ಪಟ್ಟಿ ಪೋಣಿಸುವ ಸೀಳು ನಗುವ ಬಾಯಿಯಂತೆಯೂ ಕಾಣುತ್ತವೆ. ಆ ಕುರ್ಚಿಗೆ ಬಳಸಿದ ಯಾವ ಆಯುಧವೂ ಆಫ್ರಿಕಾದಲ್ಲಿ ತಯಾರಾದದ್ದಲ್ಲ.

ಹಿಂತಿರುಗಿದ ಯೋಧರ ವಿಷಯದಲ್ಲಿ, ವಿಶೇಷವಾಗಿ ಬಾಲಕರಾಗಿದ್ದಾಗಲೇ ಕೈಗೆ ಬಂದೂಕು ಬಂದವರ ವಿಷಯದಲ್ಲಿ, ಚರ್ಚು ಸ್ವಲ್ಪ ತಗ್ಗಬೇಕಾಗುತ್ತದೆ. ಮೊಜಾಂಬಿಕ್‌ನ ಎಷ್ಟೋ ಹಳ್ಳಿಗಳಲ್ಲಿ ಸಾಂಪ್ರದಾಯಿಕ ವೈದ್ಯರ ಶುದ್ಧೀಕರಣ ವಿಧಿಯಾದ ಮೇಲೆಯೇ ಜನ ಅಂಥವರನ್ನು ಒಳಗೆ ಬಿಟ್ಟುಕೊಂಡರು. ಅದು ನಮ್ಮ ನಂಬಿಕೆಯಲ್ಲವೆಂದು ತಡೆಯಲು ಹೋದರೆ, ಹುಡುಗ ಚರ್ಚಿನ ಅಂಗಳದಲ್ಲೇ ಉಳಿಯುತ್ತಾನೆ, ತಾಯಿಯ ಮನೆ ಸೇರುವುದಿಲ್ಲ.

ಕೊನೆಗೆ, ಈ ಕೆಲಸಕ್ಕೆಂದು ಕಟ್ಟಿದ ಸಮಿತಿಯನ್ನು ವಿಸರ್ಜಿಸಬೇಡಿ. 2013ರಲ್ಲಿ ರೆನಾಮೊ ಮತ್ತು ಸರ್ಕಾರದ ನಡುವೆ ಮತ್ತೆ ಗುಂಡು ಹಾರಿತು; 2014ರ ಕದನ ವಿರಾಮದ ಒಪ್ಪಂದ ಬಾಳಲಿಲ್ಲ, ಅಂತಿಮ ಶಾಂತಿ ಒಪ್ಪಂದವಾಗಲು 2019ರ ಆಗಸ್ಟ್‌ವರೆಗೆ ಕಾಯಬೇಕಾಯಿತು.